ಮಹಡಿ ಮನೆಯ ಹುಡುಗನ ಮುಡಿ

ಓಲೆಕ್‌ನ ಕೂದಲು ಕತ್ತರಿಸಲು ಆ ಮನೆಯಲ್ಲಿ ಒಳ್ಳೆಯ ದಿನವೇ ಸಿಗುತ್ತಿರಲಿಲ್ಲ. ಮಂಗಳವಾರ, ಶುಕ್ರವಾರ ಕತ್ತರಿ ಮುಟ್ಟುವ ಹಾಗಿರಲಿಲ್ಲ. ಶನಿವಾರ ಶನಿದೇವರದು. ಭಾನುವಾರ ಅಂಗಡಿಯಲ್ಲಿ ಜನ ಜಾಸ್ತಿ, ಯಾರ್ಯಾರದೋ ತಲೆಗೆ ಹಾಕಿದ ಬಾಚಣಿಗೆ. ಉಳಿದ ದಿನಗಳಲ್ಲಿ ಅವನ ತಾಯಿ ಹನ್ನಾಗೆ ಕೆಲಸ. ಅಪರೂಪಕ್ಕೆ ಒಂದು ಬುಧವಾರ ರಜೆ ಸಿಕ್ಕಿ ಅವಳು ಮಗನ ಕೈ ಹಿಡಿದು ಮೆಟ್ಟಿಲಿಳಿದರೆ, ಗೇಟಿನ ಪಕ್ಕ ದಂಟಿನ ಸೊಪ್ಪು ಬಿಡಿಸುತ್ತ ಕೂತಿದ್ದ ಮುನಿವೆಂಕಟಮ್ಮ ಕ್ಯಾಲೆಂಡರಿನ ಕಡೆ ತಿರುಗಿಯೂ ನೋಡದೆ, "ಇವತ್ತು ಅಷ್ಟಮಿ" ಎಂದರು.

"ಅಷ್ಟಮಿ?" ಎಂದಳು ಹನ್ನಾ.

"ಆಗಲ್ಲ ಕಣಮ್ಮ. ಮಗೂಗೆ ಒಳ್ಳೇದಲ್ಲ."

"ಓಕೆ ಅಜ್ಜಿ" ಎಂದು ಹನ್ನಾ ಮಗನನ್ನು ಕರೆದುಕೊಂಡು ಮೇಲೆ ಹೋದಳು. ಏಪ್ರಿಲ್ ಬಿಸಿಲು. ಹುಡುಗನ ಹೊಂಬಣ್ಣದ ಕೂದಲು ಭುಜಕ್ಕೆ ಇಳಿದು, ಕತ್ತೆಲ್ಲ ಬೆವರುಸಾಲೆ ಎದ್ದಿತ್ತು.

ಹನ್ನಾ ಪೋಲೆಂಡ್ ದೇಶದವಳು. ಹೋದ ವರ್ಷ ಜೂನ್‌ನಲ್ಲಿ ಬೆಂಗಳೂರಿನ ಕೆರೆಗಳ ನೀರು ಪರೀಕ್ಷೆ ಮಾಡುವ ಒಂದು ಸಂಸ್ಥೆಗೆ ಒಂದು ವರ್ಷದ ಮಟ್ಟಿಗೆ ಕೆಲಸಕ್ಕೆ ಬಂದು, ಸಾರಕ್ಕಿಯಲ್ಲಿ ದೀಪಕ್‌ನ ಮನೆಯ ಮಹಡಿ ಬಾಡಿಗೆಗೆ ಹಿಡಿದಿದ್ದಳು. ಜೊತೆಗೆ ಇಬ್ಬರು ಮಕ್ಕಳು, ಒಂಬತ್ತು ವರ್ಷದ ಝೋಶಾ, ಐದು ವರ್ಷದ ಓಲೆಕ್. ಗಂಡನಿಂದ ಬೇರೆಯಾಗಿದ್ದಳು. ಅವಳು ಯಾವ ಕೆಲಸಕ್ಕೆ ಬಂದಿದ್ದಾಳೆಂದು ದೀಪಕ್ ವಿವರಿಸಿದಾಗ ಅವನ ತಾಯಿ ಮುನಿವೆಂಕಟಮ್ಮ ನಕ್ಕಿದ್ದರು. "ನಾವು ಆ ಕೆರೇಲಿ ಎಮ್ಮೆ ತೊಳೀತಿದ್ವಿ. ಅದನ್ನ ನೋಡೋಕೆ ವಿಮಾನ ಹತ್ಕೊಂಡ್ ಬಂದ್ಲಾ?"

ಬಂದ ಮೊದಲ ತಿಂಗಳು ಮಕ್ಕಳು ಮಹಡಿಯ ಕಂಬಿ ಹಿಡಿದು ಕೆಳಗೆ ನೋಡುತ್ತಿದ್ದವು. ಎರಡನೆಯ ತಿಂಗಳು ಮೆಟ್ಟಿಲ ಮೇಲೆ ಕೂರತೊಡಗಿದವು. ದಸರೆಯ ಹೊತ್ತಿಗೆ ಶಾಲೆ ಬಿಟ್ಟೊಡನೆ ಕೆಳಗಿನ ಅಡುಗೆಮನೆಗೇ ಬಂದು, ಬ್ಯಾಗು ಎಸೆದು, "ಅಜ್ಜಿ, ಹೊಟ್ಟೆ ಹಸಿವು" ಎನ್ನುತ್ತಿದ್ದವು. ಓಲೆಕ್ ಎಂಬ ಹೆಸರು ಮುನಿವೆಂಕಟಮ್ಮನ ಬಾಯಲ್ಲಿ ಓಲೇಶ ಆಯಿತು. ಝೋಶಾಗೆ ಕನ್ನಡ ಕಲಿಸಿದವಳು ದೀಪಕ್‌ನ ಮಗಳು ಅರ್ಪಿತ. ಬಿ.ಕಾಂ ಓದುವ ಹುಡುಗಿ ಕಲಿಸಿದ ಕನ್ನಡವಾದ್ದರಿಂದ ಆ ಮಗು ಬಸ್ಸಾರು ಬಾಯಿಗಿಟ್ಟು "ಸಖತ್ತಾಗಿದೆ ಮಗಾ" ಎನ್ನುತ್ತಿತ್ತು.

ಬಸ್ಸಾರು ಮಾಡುತ್ತಿದ್ದವಳು ದೀಪಕ್‌ನ ಹೆಂಡತಿ ರಮ್ಯ. ಅವಳಿಗೆ ಅಷ್ಟೇನೂ ನಗು ಬರುತ್ತಿರಲಿಲ್ಲ.

ಅಂದು ಮಧ್ಯಾಹ್ನ ಮುದ್ದೆ ತೊಳಸುತ್ತ ಅವಳು ಅತ್ತೆಯನ್ನು ಕೇಳಿಯೇ ಬಿಟ್ಟಳು. "ಇವತ್ತು ಅಷ್ಟಮಿ ಅಲ್ಲ ಅತ್ತೆ. ನಾನು ಕ್ಯಾಲೆಂಡರ್ ನೋಡ್ದೆ."

"ನೋಡಿದ್ರೆ ನೋಡ್ದೆ."

"ಆ ಮಗು ಕತ್ತು ನೋಡಿದೀರಾ? ಕೆರ್ಕೊಂಡು ಕೆರ್ಕೊಂಡು ರಕ್ತ ಬಂದಿದೆ. ಪಾಪ, ಅವಳೇನೋ ನೀವು ಹೇಳಿದ್ದೆಲ್ಲ ನಿಜ ಅಂತ ನಂಬ್ತಾಳೆ. ಯಾಕೆ ಸುಳ್ಳು ಹೇಳ್ತೀರ?"

ಮುನಿವೆಂಕಟಮ್ಮ ಸೊಪ್ಪಿನ ಮೊರವನ್ನು ಕೆಳಗಿಟ್ಟರು. ಸೊಸೆಯ ಮುಖ ನೋಡಲಿಲ್ಲ. "ಹರಕೆ ಕೂದ್ಲು ಕಣೆ ಅದು. ಕತ್ತರಿ ತಾಗ್ಬಾರ್ದು."

"ಯಾರ ಹರಕೆ?"

"ನಂದು. ಮಾರಮ್ಮನಿಗೆ."

ರಮ್ಯಳ ಕೈಯಲ್ಲಿ ಕೋಲು ನಿಂತಿತು. ಯಾವಾಗ ಎಂದು ಅವಳು ಕೇಳಬೇಕಾಗಿರಲಿಲ್ಲ. ಸೆಪ್ಟೆಂಬರಿನಲ್ಲಿ ಹನ್ನಾ ಮಕ್ಕಳನ್ನು ಇವರ ಹತ್ತಿರ ಬಿಟ್ಟು, ಚಿತ್ರದುರ್ಗದ ಕಡೆಯ ಕೆರೆಗಳನ್ನು ನೋಡಲು ಹೋಗಿದ್ದಾಗ ಓಲೆಕ್‌ಗೆ ಡೆಂಗ್ಯೂ ಜ್ವರ ಬಂದಿತ್ತು. ಆಸ್ಪತ್ರೆಗೆ ಸೇರಿಸಿದ ರಾತ್ರಿ ಪ್ಲೇಟ್‌ಲೆಟ್ ಇಳಿಯುತ್ತಲೇ ಹೋಯಿತು. ಹನ್ನಾ ಸಿಕ್ಕ ಬಸ್ಸು ಹಿಡಿದು ಬಂದು ತಲಪಿದ್ದು ಬೆಳಿಗ್ಗೆ. ಅಲ್ಲಿಯವರೆಗೂ ಮಂಚದ ಎರಡು ಬದಿಗೆ ಕೂತಿದ್ದವರು ಈ ಅತ್ತೆ ಸೊಸೆ. ಮುನಿವೆಂಕಟಮ್ಮ ಬಾಯೊಳಗೇ ಏನೋ ಹೇಳಿಕೊಳ್ಳುತ್ತಿದ್ದುದನ್ನು ರಮ್ಯ ನೋಡಿದ್ದಳು. ಪ್ರಾರ್ಥನೆ ಎಂದುಕೊಂಡಿದ್ದಳು.

"ಮಗು ಎದ್ದು ಕೂತ್ರೆ ಮುಡಿ ಕೊಡಿಸ್ತೀನಿ ತಾಯಿ ಅಂದೆ. ಎದ್ದು ಕೂತ" ಎಂದರು ಮುನಿವೆಂಕಟಮ್ಮ. "ಈಗ ಮುಂದಿನ ತಿಂಗಳು ಹೊರಟೋಗ್ತಾರೆ. ಅದಕ್ಕೆ ಮುಂಚೆ ಒಪ್ಪಿಸ್ಬೇಕು. ಸಾಲ ಇಟ್ಕೊಂಡು ಮಗು ಸಮುದ್ರ ದಾಟಬಾರ್ದು."

"ಅವನ ತಾಯಿನ ಕೇಳಿದ್ರಾ?"

"ಹೆಂಗೆ ಕೇಳ್ಲಿ? ನಂಗೆ ಅವಳ ಭಾಷೆ ಬರುತ್ತಾ?"

"ಇಷ್ಟು ದಿನ ಅಷ್ಟಮಿ ನವಮಿ ಎಲ್ಲ ಯಾವ ಭಾಷೇಲಿ ಹೇಳಿದ್ರಿ?"

ಮುನಿವೆಂಕಟಮ್ಮ ಮೊರ ಎತ್ತಿಕೊಂಡು ಹಿತ್ತಲಿಗೆ ಹೋದರು.

ವಿಷಯ ದೀಪಕ್‌ಗೆ ತಿಳಿದದ್ದು ಭಾನುವಾರ ಊಟದ ಹೊತ್ತಿನಲ್ಲಿ. ಮದುವೆ ಕಾಲ, ಅವನದು ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ವ್ಯಾಪಾರ, ಮನೆಯಲ್ಲಿ ಊಟಕ್ಕೆ ಸಿಗುವುದೇ ಅಪರೂಪ. ಕೋಳಿಸಾರು, ಮುದ್ದೆ. ಎಲ್ಲರೂ ಹಾಲ್‌ನಲ್ಲಿ ನೆಲದ ಮೇಲೆ ಕೂತಿದ್ದರು. ಝೋಶಾ ಅರ್ಪಿತಳ ಪಕ್ಕ ಕಾಲು ಮಡಿಸಿ ಕೂತು ಕೋಳಿಕಾಲು ಹಿಡಿದಿದ್ದಳು. ಓಲೆಕ್ ಮೇಲೆ ನಿದ್ದೆ ಮಾಡುತ್ತಿದ್ದ.

"ದೀಪು, ಚಿದಾನಂದನಿಗೆ ಹೇಳಿಡು" ಎಂದರು ಮುನಿವೆಂಕಟಮ್ಮ. ಚಿದಾನಂದ ಮಾರ್ಕೆಟ್ ರಸ್ತೆಯ ಸಲೂನಿನವನು, ಊರಿನ ದೇವರ ಮುಡಿ ತೆಗೆಯುವುದೂ ಅವನೇ. "ಮಾರಮ್ಮನ ಗುಡಿ ಹತ್ರ ಬರ್ಬೇಕು. ಒಂದು ಮುಡಿ ಇದೆ."

"ಯಾರದು?"

"ಓಲೇಶಂದು."

ದೀಪಕ್‌ನ ತುತ್ತು ಗಂಟಲಲ್ಲಿ ಸಿಕ್ಕಿಕೊಂಡಿತು. ರಮ್ಯ ನೀರು ಕೊಟ್ಟಳು. ಕುಡಿದು, ಕೆಮ್ಮಿ, "ಅಮ್ಮಾ, ತಲೆ ಸರಿ ಇದೆಯಾ ನಿಂಗೆ? ಫಾರಿನ್ ಮಗು ಅದು! ಅದರ ತಲೆ ಬೋಳಿಸಿದ್ರೆ ಎಂಬೆಸಿಯವರು ಬಂದು ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಬೋಳಿಸ್ತಾರೆ. ಅವರು ಬಾಡಿಗೆಗೆ ಬಂದಾಗ ಕಾಗದಪತ್ರಕ್ಕೆ ಪೊಲೀಸ್ ಸ್ಟೇಷನ್ನಿಗೆ ಎಷ್ಟು ಸಲ ಅಲೆದಿದೀನಿ ಗೊತ್ತಾ?"

"ದೇವ್ರ ಕೆಲ್ಸಕ್ಕೆ ಪೊಲೀಸ್ ಯಾಕೆ ಬರ್ತಾನೆ?"

"ಅಜ್ಜಿ, ಪರ್ಮಿಷನ್ ಅಂತ ಒಂದಿರುತ್ತೆ" ಎಂದಳು ಅರ್ಪಿತ. "ನನ್ನ ತಲೆಗೆ ನನ್ನ ಕೇಳದೆ ಎಣ್ಣೆ ಹಾಕಿದ್ರೂ ನಂಗೆ ಕೋಪ ಬರುತ್ತೆ."

"ನಿನ್ ತಲೆ ವಿಷ್ಯ ಬಿಡು. ಹೊಟ್ಟು ಹಿಡಿದು ಹೋಗಿದೆ."

"ನೋಡಪ್ಪ!"

"ಹೋಗ್ಲಿ, ಒಂದು ಲೆಟರ್ ಬರೆಸಿ ಅವಳ ಹತ್ರ ಸೈನ್ ಹಾಕಿಸ್ಕೊಳ್ಳೋಣ" ಎಂದ ದೀಪಕ್. "ನನಗೆ ಸಮ್ಮತಿ ಇದೆ ಅಂತ."

"ಮಾರಮ್ಮನ ಹತ್ರ ಅಗ್ರಿಮೆಂಟ್ ಮಾಡ್ಕೋತೀಯೇನೋ, ಮನೆಹಾಳ?"

ರಮ್ಯ ಸಾರು ಬಡಿಸುತ್ತ, ಯಾರನ್ನೂ ನೋಡದೆ ಹೇಳಿದಳು. "ಅರ್ಪಿತಂಗೆ ಕಾಮಾಲೆ ಆದಾಗ ಯಾರೂ ಹರಕೆ ಹೊರ್ಲಿಲ್ಲ."

ಮುನಿವೆಂಕಟಮ್ಮ ಮುದ್ದೆ ಮುರಿದರು, ಸಾರಿಗೆ ಅದ್ದಿದರು, ಬಾಯಿಗಿಡಲಿಲ್ಲ. "ಹದಿನೈದು ವರ್ಷದಿಂದ ಇದನ್ನ ಇಟ್ಕೊಂಡಿದ್ದೀಯಾ?"

"ಇಟ್ಕೊಂಡಿಲ್ಲ. ಸುಮ್ನೆ ಹೇಳ್ದೆ."

ಆಗ ಝೋಶಾ ಕೋಳಿಕಾಲನ್ನು ತಟ್ಟೆಯಲ್ಲಿಟ್ಟು, ಸ್ಪಷ್ಟವಾದ ಸಾರಕ್ಕಿ ಕನ್ನಡದಲ್ಲಿ ಕೇಳಿದಳು. "ನಮ್ ಓಲೆಕ್ ತಲೆ ಯಾಕ್ ಬೋಳಿಸ್ತೀರ?"

ನಾಲ್ವರೂ ಅವಳತ್ತ ತಿರುಗಿದರು. ವರ್ಷವಿಡೀ ಇದೇ ಹಾಲ್‌ನಲ್ಲಿ ತಮ್ಮೊಡನೆ ಹರಟಿದ ಮಗು ಅದು. ಆದರೂ ಜಗಳ ಶುರುವಾದೊಡನೆ, ಬಿಳಿ ಮುಖದ ಮಗುವಿಗೆ ಏನೂ ತಿಳಿಯುವುದಿಲ್ಲವೆಂಬಂತೆ ನಾಲ್ವರೂ ಮಾತಾಡಿದ್ದರು.

"ಏನಿಲ್ಲ ಪುಟ್ಟಿ, ತಮಾಷೆಗೆ" ಎಂದ ದೀಪಕ್. "ಬಾದಾಮಿ ಮಾವಿನಹಣ್ಣು ತಿಂತೀಯಾ?"

"ಸುಳ್ ಹೇಳ್ಬೇಡ ಅಂಕಲ್" ಎಂದು ಝೋಶಾ ಎದ್ದು, ಕೈಯನ್ನೂ ತೊಳೆಯದೆ ಮೆಟ್ಟಿಲು ಹತ್ತಿದಳು.

ಹನ್ನಾ ಇಳಿದು ಬಂದಾಗ ತಟ್ಟೆಗಳನ್ನು ಇನ್ನೂ ಎತ್ತಿರಲಿಲ್ಲ. ಅವಳು ಕೂಗಾಡಲಿಲ್ಲ. ಬಾಗಿಲ ಹತ್ತಿರ ನಿಂತು ಮಗಳ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ತನ್ನ ಭಾಷೆಯಲ್ಲಿ ಮಾತಾಡಿದಳು. ಝೋಶಾ ಒಂದೊಂದೇ ವಾಕ್ಯ ಕನ್ನಡಕ್ಕೆ ಹೇಳಿದಳು.

"ಅಮ್ಮ ಕೇಳ್ತಿದಾಳೆ, ಮಂಗಳವಾರ ಸುಳ್ಳಾ?"

"ಮಂಗಳವಾರ ನಿಜ" ಎಂದರು ಮುನಿವೆಂಕಟಮ್ಮ.

"ಭಾನುವಾರ?"

ಮುನಿವೆಂಕಟಮ್ಮ ತಟ್ಟೆಯ ಅಂಚಿನಲ್ಲಿದ್ದ ಮುದ್ದೆ ಚೂರನ್ನು ಬೆರಳಿಂದ ಒಳಗೆ ತಳ್ಳಿದರು.

"ಅಮ್ಮ ಹೇಳ್ತಾಳೆ, ಕೂದ್ಲು ದೊಡ್ಡದಲ್ಲ. ಕೂದ್ಲು ಮತ್ತೆ ಬರುತ್ತೆ. ಆದ್ರೆ ಓಲೆಕ್ ಅವಳ ಮಗ. ಅವಳನ್ನ ಕೇಳದೆ ನೀವು ಹೇಗೆ ಕೊಟ್ರಿ? ಏಳು ತಿಂಗಳು ಯಾಕೆ ಹೇಳ್ಲಿಲ್ಲ?"

"ಮೇಡಂ, ಸಾರಿ ಮೇಡಂ, ನಮ್ಮ ತಾಯಿ ವಯಸ್ಸಾದವರು…" ಎಂದು ದೀಪಕ್ ಎದ್ದ.

"ವಯಸ್ಸಾಗಿದೆ, ಬುದ್ಧಿ ಕೆಟ್ಟಿಲ್ಲ" ಎಂದು ಮುನಿವೆಂಕಟಮ್ಮ ಮಗನನ್ನು ತಡೆದರು. ಮೊಮ್ಮಗಳು, ಮಗ, ಸೊಸೆ ಎಲ್ಲರಿಂದಲೂ ಆಗಲೇ ಮಾತು ಕೇಳಿಯಾಗಿತ್ತು. ಸಿಟ್ಟೆಲ್ಲ ಒಂದೇ ಕಡೆ ಹರಿಯಿತು. "ಕೇಳದೆ ಕೊಟ್ಟೆ ಅಂತಾಳಲ್ಲ. ಕೇಳೋಣ ಅಂದ್ರೆ ಇದ್ಲಾ? ಮಗು ಕಣ್ಣು ಮೇಲೆ ಮಾಡ್ಕೊಂಡು ಮಲಗಿತ್ತು. ಅವತ್ತು ನೀನೆಲ್ಲಿದ್ದೆ?"

ಝೋಶಾ ಅದನ್ನು ಅನುವಾದಿಸಲಿಲ್ಲ. ತಾಯಿಯ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು, ತುಟಿ ಬಿಗಿದುಕೊಂಡಳು. ಆದರೆ 'ಎಲ್ಲಿ' ಎಂಬ ಮಾತು ಹನ್ನಾಗೆ ಗೊತ್ತಿತ್ತು. ಬಸ್ಸಿನಲ್ಲಿ, ಆಟೋದಲ್ಲಿ ಅವಳು ದಿನವೂ ಕೇಳುವ ಮಾತು. 'ನೀನು' ಗೊತ್ತಿತ್ತು. ಅಷ್ಟು ಸಾಕಾಯಿತು.

ಅವಳು ಮಗಳ ಕೈ ಹಿಡಿದು ಮೇಲೆ ಹೋದಳು.

ಮರುದಿನದಿಂದ ಮಕ್ಕಳು ಕೆಳಗೆ ಬರಲಿಲ್ಲ. ಬೇಸಿಗೆ ರಜೆಯಾಗಿದ್ದರಿಂದ ಹಗಲಿಡೀ ಮೇಲೆ ಓಡಾಡುವ ಹೆಜ್ಜೆಗಳ ಸದ್ದು ಕೆಳಗೆ ಕೇಳುತ್ತಿತ್ತು. ಅವರನ್ನು ನೋಡಿಕೊಳ್ಳಲು ಹನ್ನಾ ಜೆ.ಪಿ. ನಗರದ ಕಡೆಯಿಂದ ತಂಗೆವ್ವ ಎಂಬ ಬಿಜಾಪುರದ ಹೆಂಗಸನ್ನು ಗೊತ್ತುಮಾಡಿದಳು. ತಂಗೆವ್ವ ಬೆಳಿಗ್ಗೆ ಬಂದು, ಸಂಜೆ ಹನ್ನಾ ಬಂದ ಮೇಲೆ ಹೋಗುತ್ತಿದ್ದಳು. ಗೇಟಿನಲ್ಲಿ ಮುನಿವೆಂಕಟಮ್ಮ ಅವಳನ್ನು ತಡೆದು, "ಊಟಕ್ಕೆ ಏನ್ ಕೊಡ್ತೀಯ?" ಎಂದು ಕೇಳಿದರು.

"ಮ್ಯಾಲಿನ ಬಾಯಾರು ಬ್ರೆಡ್ಡು ಇಟ್ಟ್ ಹೋಗ್ಯಾರ್ರೀ ಅಮ್ಮಾರ. ಸಣ್ಣಾಂವ ವಲ್ಲೆ ಅಂತಾನ. ಮುದ್ದಿ, ಮುದ್ದಿ ಅಂತ ಅಳತಾನ. ನನಗ ರೊಟ್ಟಿ ಬಡಿಯೂದು ಗೊತ್ತೈತಿ, ಮುದ್ದಿ ಎಲ್ಲಿಂದ ತರ್ಲಿ?"

ಮುನಿವೆಂಕಟಮ್ಮ ಒಳಗೆ ಬಂದು ತಮ್ಮ ತಟ್ಟೆಯ ಮುದ್ದೆಯನ್ನು ನೋಡುತ್ತ ಕೂತರು.

ರಮ್ಯಗೂ ಕೈ ಅಳತೆ ತಪ್ಪಿತ್ತು. ದಿನವೂ ಎರಡು ಸಣ್ಣ ಮುದ್ದೆ ಹೆಚ್ಚಿಗೆ ಕಟ್ಟುತ್ತಿದ್ದಳು. ಸಂಜೆ ಅವನ್ನು ಮಜ್ಜಿಗೆಗೆ ಕಿವುಚಿ ತಾನೇ ಕುಡಿಯುತ್ತಿದ್ದಳು. ಮನೆ ಇಷ್ಟು ನಿಶ್ಶಬ್ದವಾಗಿದ್ದರೆ ತನಗೆ ಸುಖವಾಗುತ್ತದೆ ಎಂದು ಅವಳು ಆ ವರ್ಷ ಎಷ್ಟೋ ಸಲ ಅಂದುಕೊಂಡಿದ್ದಳು. ಆಗುತ್ತಿರಲಿಲ್ಲ.

ಎರಡನೆಯ ವಾರ ಮಹಡಿಯಲ್ಲಿ ಸೂಟ್‌ಕೇಸ್ ಎಳೆಯುವ ಸದ್ದು ಶುರುವಾಯಿತು. ಶನಿವಾರ ಓಲೆಕ್‌ನನ್ನು ಸಲೂನಿಗೆ ಕರೆದುಕೊಂಡು ಹೋಗುತ್ತಾರಂತೆ ಎಂದು ತಂಗೆವ್ವ ಹೇಳಿದಳು. ಅದನ್ನು ಕೇಳಿದ ಸಂಜೆಯೇ ಮುನಿವೆಂಕಟಮ್ಮ ಚಪ್ಪಲಿ ಮೆಟ್ಟಿ ಒಬ್ಬರೇ ಮಾರಮ್ಮನ ಗುಡಿಗೆ ಹೋಗಿ ಪೂಜಾರಿಯ ಹತ್ತಿರ ಮಾತಾಡಿ ಬಂದರು. ಬಂದವರೇ ಜಗಲಿಯಲ್ಲಿ ಕೂತು, ತುರುಬು ಬಿಚ್ಚಿ, ಬೆಳ್ಳಿಯಂಥ ಕೂದಲನ್ನು ಬಾಚತೊಡಗಿದರು. ಎಪ್ಪತ್ತು ದಾಟಿದರೂ ಅದು ಸೊಂಟದವರೆಗೆ ಇತ್ತು. ಕೇರಿಯಲ್ಲಿ ಅವರ ವಯಸ್ಸಿನವರಲ್ಲಿ ಯಾರಿಗೂ ಅಷ್ಟು ಕೂದಲಿರಲಿಲ್ಲ, ಅದು ಅವರಿಗೂ ಗೊತ್ತಿತ್ತು.

"ರಮ್ಯ, ಸೋಮವಾರ ನಂಗೆ ಗುಡಿ ಹತ್ರ ಹೋಗೋದಿದೆ. ನಂದೇ ಕೊಟ್ಟುಬಿಡ್ತೀನಿ."

"ಏನ್ ಕೊಡ್ತೀರ?"

"ಮುಡಿ. ಹೊತ್ತವಳು ನಾನು, ನಾನೇ ಕೊಟ್ರೂ ಆಗುತ್ತಂತೆ. ಪೂಜಾರಿ ಹೇಳ್ದ."

ರಮ್ಯ ಕೈಯಲ್ಲಿದ್ದ ಬಟ್ಟೆಯ ಬಕೆಟ್ಟನ್ನು ಕೆಳಗಿಟ್ಟಳು. "ಅತ್ತೆ, ಮುಂದಿನ ವಾರ ನಿಮ್ಮ ತಂಗಿ ಮೊಮ್ಮಗಳ ಮದ್ವೆ ಇದೆ. ಬೋಳು ತಲೇಲಿ ಹೋಗ್ತೀರಾ? ಜನ ಏನಂತಾರೆ?"

"ಸೆರಗು ಹೊದ್ಕೋತೀನಿ."

"ಅಜ್ಜಿ, ಬೇಡ" ಎಂದು ಅರ್ಪಿತ ಒಳಗಿಂದಲೇ ಕೂಗಿದಳು.

"ಹೂಂ ಬೇಡ, ಅದು ಬೇಡ, ಇದು ಬೇಡ. ಹಂಗಾದ್ರೆ ಆ ಮಗೂನ ಹಂಗೇ ಕಳ್ಸಾ? ಅಲ್ಲಿ ಒಂದು ಜ್ವರ ಬಂದ್ರೆ ನಂಗೆ ಇಲ್ಲಿ ನಿದ್ದೆ ಬರುತ್ತಾ?" ಮುನಿವೆಂಕಟಮ್ಮನ ದನಿ ಒಡೆಯಿತು. ಬಾಚಣಿಗೆಯಲ್ಲಿ ಸಿಕ್ಕಿದ ಕೂದಲನ್ನು ಬೆರಳಿಗೆ ಸುತ್ತುತ್ತ, "ಅವರ ಮಗು ಅವರಿಷ್ಟ. ಸಲೂನಿಗಾದ್ರೂ ಹೋಗ್ಲಿ, ಬ್ರೆಡ್ಡಾದ್ರೂ ತಿನ್ಲಿ" ಎಂದರು.

ರಮ್ಯ ಒಳಗೆ ಹೋಗಿ ಒಂದು ಬಟ್ಟಲಲ್ಲಿ ಉಪ್ಪೆಸರು, ಇನ್ನೊಂದರಲ್ಲಿ ಎರಡು ಸಣ್ಣ ಮುದ್ದೆ ಇಟ್ಟುಕೊಂಡು ಮೆಟ್ಟಿಲು ಹತ್ತಿದಳು. ಕರೆಂಟ್ ಬಿಲ್ಲು ಕೊಡಲು, ನೀರು ಬಂತೇ ಎಂದು ಕೇಳಲು ಬಿಟ್ಟರೆ ಅವಳು ಆ ವರ್ಷ ಮೇಲೆ ಹೋದದ್ದೇ ಇಲ್ಲ.

ಓಲೆಕ್ ಬಟ್ಟಲನ್ನು ಕಂಡೊಡನೆ ಕಿತ್ತುಕೊಂಡ. ಅಕ್ಕ ತಮ್ಮ ಇಬ್ಬರೂ ಅದನ್ನು ಹಿಡಿದು ಬಾಲ್ಕನಿಗೆ ಓಡಿದರು. ಹನ್ನಾ ಸೂಟ್‌ಕೇಸಿನ ಮೇಲಿದ್ದ ಬಟ್ಟೆಗಳನ್ನು ಸರಿಸಿ ರಮ್ಯಗೆ ಜಾಗ ಮಾಡಿದಳು, ಹಾಲಿಲ್ಲದ ಟೀ ಕೊಟ್ಟಳು. ಒಬ್ಬಳ ಹರುಕು ಇಂಗ್ಲಿಷೂ ಇನ್ನೊಬ್ಬಳ ಹರುಕು ಕನ್ನಡವೂ ಸೇರಿ ಮಾತು ನಿಧಾನವಾಗಿ ನಡೆಯಿತು.

"ನಾನು ಕೂದ್ಲು ಕೇಳೋಕೆ ಬಂದಿಲ್ಲ" ಎಂದಳು ರಮ್ಯ. "ಅತ್ತೆ ತಮ್ಮದೇ ಕೊಡ್ತಾರಂತೆ. ಬೇಜಾರು ಇಟ್ಕೊಂಡು ಹೋಗ್ಬೇಡಿ ಅಂತ ಹೇಳೋಕೆ ಬಂದೆ, ಅಷ್ಟೆ."

"ತಮ್ಮದು? ಅಜ್ಜಿ ಕೂದಲು?"

"ಹೂಂ. ಪೂರ್ತಿ."

ಹನ್ನಾ ಟೀ ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ಆಮೇಲೆ ಹೇಳಿದಳು. "ಇಂಡಿಯಾಗೆ ಮಕ್ಕಳು ಬೇಡ ಅಂತ ನನ್ನ ಅಮ್ಮ ಹೇಳಿದ್ರು. ಮಕ್ಕಳ ಅಪ್ಪ ಹೇಳಿದ. ನನ್ನ ಆಫೀಸಲ್ಲೂ ಹೇಳಿದ್ರು. ಕೆಲಸ ಬೇಕಾ, ಮಕ್ಕಳು ಬೇಕಾ? ನಾನು ಎರಡೂ ಬೇಕು ಅಂದೆ. ಇಲ್ಲಿ ಒಂದು ಕೆಮ್ಮು ಬಂದ್ರೂ ಅಲ್ಲಿಂದ ಫೋನು, ನಾವು ಹೇಳಿದ್ವಲ್ಲ ಅಂತ. ಡೆಂಗ್ಯೂ ಬಂತಲ್ಲ, ಆಗ ನಮ್ಮಮ್ಮ ಮೊದಲು ಕೇಳಿದ್ದು ಏನು ಗೊತ್ತಾ? ನೀನು ಎಲ್ಲಿದ್ದೆ ಅಂತ." ಅವಳು ನಗಲು ನೋಡಿದಳು. "ಅಜ್ಜಿ ಕೇಳಿದ್ದೂ ಅದೇ. ಭಾಷೆ ಮಾತ್ರ ಬೇರೆ. ಈ ಮನೇಲಿ ಯಾರೂ ಅದು ಕೇಳಲ್ಲ ಅಂದುಕೊಂಡಿದ್ದೆ."

ರಮ್ಯ ಬಾಯಿಗೆ ಬಂದದ್ದನ್ನು ಹೇಳಿದಳು. "ನಂಗೂ ಅತ್ತೆ ಮೇಲೆ ಕೋಪ ಇದೆ. ಅರ್ಪಿತಂಗೆ ನಾಲ್ಕು ವರ್ಷ ಇದ್ದಾಗ ಕಾಮಾಲೆ ಬಂತು, ಮೈಯೆಲ್ಲ ಹಳದಿ. ನಾನು ಅಳ್ತಾ ಕೂತಿದ್ದೀನಿ, ಇವರು ಸೊಪ್ಪಿನ ಬುಟ್ಟಿ ತಲೆ ಮೇಲಿಟ್ಕೊಂಡು ಜಯನಗರಕ್ಕೆ ಮಾರೋಕೆ ಹೊರಟೇಬಿಟ್ರು. ಒಂದು ದಿನ ಕೂರ್ಲಿಲ್ಲ ಮಗು ಹತ್ರ. ನಿಮ್ಮ ಮಗೂಗಾದ್ರೆ ರಾತ್ರಿಯೆಲ್ಲ ಕೂತ್ರು, ಹರಕೆ ಹೊತ್ರು. ನಂಗೆ ಹೊಟ್ಟೆಕಿಚ್ಚು. ವರ್ಷ ಪೂರ್ತಿ ಹೊಟ್ಟೆಕಿಚ್ಚು."

"ಯಾಕೆ ಹೋದ್ರು ಅವತ್ತು?"

"ಯಾಕೆ ಅಂದ್ರೆ, ಮಾವ ಹಾಸಿಗೆ ಹಿಡಿದಿದ್ರು. ಮನೆ ನಡೀಬೇಕಿತ್ತಲ್ಲ. ಕೆಲ್ಸ ಇತ್ತು."

ಹೇಳಿದ ಮಾತು ಅವಳ ಕಿವಿಗೇ ಬಿತ್ತು. ಹನ್ನಾ ಅವಳನ್ನೇ ನೋಡುತ್ತಿದ್ದಳು. ರಮ್ಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಆದರೂ ನಗು ಬಂತು. ಹನ್ನಾಗೂ ಬಂತು. ಇಬ್ಬರೂ ನಕ್ಕದ್ದನ್ನು ಕೇಳಿ ಓಲೆಕ್ ಬಾಯಿಗೆಲ್ಲ ಉಪ್ಪೆಸರು ಮೆತ್ತಿಕೊಂಡು ಬಂದು, "ಏನಾಯ್ತು? ಏನಾಯ್ತು?" ಎಂದು ಕುಣಿದ.

ಶನಿವಾರ ಹನ್ನಾ ಮಗನ ಕೈ ಹಿಡಿದು ಮೆಟ್ಟಿಲಿಳಿದಳು. ಮುನಿವೆಂಕಟಮ್ಮ ಗೇಟಿನ ಹತ್ತಿರ ನುಗ್ಗೆಸೊಪ್ಪು ಬಿಡಿಸುತ್ತಿದ್ದರು. ತಲೆಯೆತ್ತಲಿಲ್ಲ. ಶನಿವಾರ ಎಂದೂ ಹೇಳಲಿಲ್ಲ. ಹನ್ನಾ ಗೇಟು ತೆಗೆಯಲಿಲ್ಲ. ಅವರ ಎದುರಿಗೆ ನೆಲದ ಮೇಲೆ ಕೂತಳು.

"ಅಜ್ಜಿ, ಯಾವ ದಿನ ಆಗುತ್ತೆ?"

ಮುನಿವೆಂಕಟಮ್ಮನ ಕೈಯಲ್ಲಿ ಸೊಪ್ಪಿನ ಕಡ್ಡಿ ಹಾಗೇ ಉಳಿಯಿತು.

"ನಿಜ ದಿನ ಹೇಳಬೇಕು" ಎಂದಳು ಹನ್ನಾ.

"ಸೋಮವಾರ" ಎಂದರು ಮುನಿವೆಂಕಟಮ್ಮ. "ಸೋಮವಾರ ಬೆಳಿಗ್ಗೆ. ದೇವ್ರಾಣೆ ಒಳ್ಳೆ ದಿನ." ಆಮೇಲೆ, "ಅವತ್ತು ಕೇಳಬಾರದ ಮಾತು ಕೇಳ್ಬಿಟ್ಟೆ ಕಣಮ್ಮ. ನನ್ ನಾಲಗೆ ಸುಡ. ಅಂಥ ಮಾತು ಎಷ್ಟು ಜನ ನಂಗೆ ಅಂದಿಲ್ಲ, ಬುಟ್ಟಿ ಹೊತ್ಕೊಂಡು ಹೋಗೋವಾಗ" ಎಂದರು.

ಹನ್ನಾಗೆ ಎಷ್ಟು ತಿಳಿಯಿತೋ, ಅವಳು ಆ ಹಸಿರು ಮೆತ್ತಿದ ಕೈಯನ್ನು ಹಿಡಿದುಕೊಂಡಳು. "ಇನ್ನೊಂದು ಸಲ ನನ್ನ ಕೇಳಬೇಕು. ಕೇಳದೆ ಮಾಡಬಾರದು."

"ಇನ್ನೊಂದು ಸಲ ಎಲ್ಲಿಂದ ಬರ್ಬೇಕೇ? ಹೊರಟೇ ಹೋಗ್ತಿದೀಯಲ್ಲ" ಎಂದು ಮುನಿವೆಂಕಟಮ್ಮ ಆ ಕೈಗೆ ತಮ್ಮ ಹಣೆ ತಾಗಿಸಿ ಅತ್ತುಬಿಟ್ಟರು.

ಓಲೆಕ್ ಇದನ್ನೆಲ್ಲ ನೋಡಿ ಗಂಭೀರನಾದ. "ಅಜ್ಜಿ, ಮಾರಮ್ಮ ನನ್ ಕೂದ್ಲು ಇಟ್ಕೊಂಡು ಏನ್ ಮಾಡ್ತಾಳೆ?"

"ಲೆಕ್ಕಕ್ಕೆ ಇಟ್ಕೋತಾಳೆ ಕಣೋ, ನಮ್ ಹುಡುಗ ಅಂತ."

"ನೋವಾಗುತ್ತಾ?"

"ಇರುವೆ ಕಡಿದಷ್ಟೂ ಇಲ್ಲ."

"ಆಮೇಲೆ ಮಸಾಲೆ ದೋಸೆ ಕೊಡಿಸ್ಬೇಕು. ಎರಡು."

"ಅದಕ್ಕೂ ಅಗ್ರಿಮೆಂಟ್ ಬರೆಸೋಣ" ಎಂದಳು ಬಾಗಿಲಲ್ಲಿ ನಿಂತಿದ್ದ ರಮ್ಯ.

ಸೋಮವಾರ ಬೆಳಿಗ್ಗೆ ಮಾರಮ್ಮನ ಗುಡಿಯ ಮುಂದೆ ಹೊಂಗೆ ಮರದ ನೆರಳು ಇನ್ನೂ ತಂಪಾಗಿತ್ತು. ಚಿದಾನಂದ ಹೊಸ ಬ್ಲೇಡು ಹಾಕಿ, ನೀರಿನ ಬಟ್ಟಲು ಇಟ್ಟುಕೊಂಡು ಕಾಯುತ್ತಿದ್ದ. ದೀಪಕ್ ಎಲ್ಲರನ್ನೂ ಗೂಡ್ಸ್ ಆಟೋದಲ್ಲಿ ತಂದು ಇಳಿಸಿ, "ನಂಗೆ ಚಿಕ್ಕಲಸಂದ್ರದಲ್ಲಿ ಶಾಮಿಯಾನ ಬಿಚ್ಚೋದಿದೆ" ಎಂದು ಗಾಡಿಯಲ್ಲೇ ಕೂತಿದ್ದ. ಎಂಬೆಸಿಯವರು ಕೇಳಿದರೆ ತಾನು ಗುಡಿಯೊಳಗೆ ಇರಲಿಲ್ಲವೆಂದು ಹೇಳಬಹುದು ಎಂಬುದು ಅವನ ಲೆಕ್ಕ. ಅದನ್ನು ಹೆಂಡತಿಗೆ ಹೇಳಿಯೂ ಇದ್ದ.

ಪೂಜಾರಿ ಮಂಗಳಾರತಿ ಎತ್ತಿ, ಹುಡುಗನ ಹಣೆಗೆ ಕುಂಕುಮ ಇಟ್ಟು ಕೇಳಿದ. "ಸೋದರಮಾವ ಯಾರು? ತೊಡೆ ಮೇಲೆ ಕೂರಿಸ್ಕೊಳ್ಳಿ."

ಮುನಿವೆಂಕಟಮ್ಮ ಬಾಯಿಗೆ ಕೈಯಿಟ್ಟುಕೊಂಡರು. ಹೊಸ ಅಂಗಿ, ಕಾಯಿ, ಹೂವು, ಅರಿಶಿನದ ನೀರು, ಎಲ್ಲ ನೆನಪಿತ್ತು. ಮಗುವಿನ ಮುಡಿ ಸೋದರಮಾವನ ತೊಡೆಯ ಮೇಲೆ ಆಗಬೇಕೆಂಬುದನ್ನು ಇಷ್ಟು ತಿಂಗಳಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ.

ಝೋಶಾ ತಾಯಿಯ ಕಿವಿಯಲ್ಲಿ ಹೇಳಿದಳು. ಹನ್ನಾ ಇಲ್ಲವೆಂದು ತಲೆಯಾಡಿಸಿದಳು. "ನನ್ನ ಅಣ್ಣ ಪೋಲೆಂಡಲ್ಲಿ."

"ಅಮ್ಮನ ತೊಡೆ ಮೇಲೆ ಆಗಲ್ವಾ?" ಎಂದಳು ಅರ್ಪಿತ.

"ಪದ್ಧತಿ ಇಲ್ಲಮ್ಮ" ಎಂದ ಪೂಜಾರಿ. "ತಾಯಿಯ ಅಣ್ಣನೋ ತಮ್ಮನೋ, ಯಾರಾದ್ರೂ ಇರ್ಬೇಕು. ಇವರಿಗೆ ಇಲ್ಲಿ ಯಾರೂ ಇಲ್ವಾ?"

ಮುನಿವೆಂಕಟಮ್ಮ ರಸ್ತೆಯ ಕಡೆ ತಿರುಗಿದರು. ಅವರನ್ನು ನೋಡಿ ರಮ್ಯ ತಿರುಗಿದಳು, ಚಿದಾನಂದ ತಿರುಗಿದ. ಗಾಡಿಯಲ್ಲಿ ಕೂತು ಫೋನು ನೋಡುತ್ತಿದ್ದ ದೀಪಕ್ ಅಷ್ಟು ಕಣ್ಣುಗಳನ್ನು ಒಮ್ಮೆಗೇ ಕಂಡು ಬೆಚ್ಚಿದ.

"ಏನು? ನಾನ್ ಯಾಕೆ?"

"ಇನ್ಯಾರೋ?" ಎಂದರು ಮುನಿವೆಂಕಟಮ್ಮ.

"ಅಮ್ಮಾ, ನಾನು ಮನೆ ಓನರ್ರು!"

"ಬಾರೋ ಸುಮ್ನೆ. ಇವಳು ನನ್ ಮಗಳಾದ್ರೆ ನೀನೇನ್ ಓನರ್ರಾ?"

ದೀಪಕ್ ಹನ್ನಾಳ ಮುಖ ನೋಡಿದ. ಅವಳು ಪದ್ಧತಿಯನ್ನು ಮಗಳಿಂದ ಕೇಳಿ ತಿಳಿದುಕೊಂಡು, ಕಣ್ಣು ತುಂಬಿಕೊಂಡು ನಿಂತಿದ್ದಳು. "ಬನ್ನಿ" ಎಂದಳು. ಅವನು ಗಾಡಿಯಿಂದಿಳಿದ. ಚಪ್ಪಲಿ ಬಿಟ್ಟ. ಫೋನನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಅರ್ಪಿತಳಿಗೆ ಕೊಟ್ಟ. ಮರದ ಕೆಳಗೆ ಕಾಲು ಮಡಿಸಿ ಕೂತು, "ಬಾರೋ ಅಳಿಯ" ಎಂದು ತೊಡೆ ತಟ್ಟಿದ. ಆ ಮಾತು ಅವನ ಬಾಯಿಂದ ತಾನಾಗಿ ಬಂತು. ಆಮೇಲೆ ಅವನೇ ಕೆಂಪಗಾದ.

ಓಲೆಕ್ ತೊಡೆಯೇರಿ ಕೂತ. ಚಿದಾನಂದ ತಲೆಗೆ ನೀರು ತಟ್ಟಿದ.

"ಕೂದ್ಲು ನೆಲಕ್ಕೆ ಬೀಳ್ಬಾರ್ದು" ಎಂದ ಪೂಜಾರಿ. "ಮಾವನ ಹೆಂಡ್ತಿ ಸೆರಗು ಹಿಡೀಲಿ."

ರಮ್ಯ ಮುಂದೆ ಬಂದಳು. ಉಟ್ಟಿದ್ದು ಗೌರಿ ಹಬ್ಬಕ್ಕೆ ತೆಗೆದ ಮೈಸೂರು ಸಿಲ್ಕು. ಕೂದಲು, ನೀರು ಬಿದ್ದರೆ ಹಾಳು ಎಂದು ಬೇರೆ ದಿನವಾಗಿದ್ದರೆ ಹೇಳುತ್ತಿದ್ದಳೇನೋ. ಮಂಡಿಯೂರಿ, ಸೆರಗನ್ನು ಎರಡು ಕೈಯಲ್ಲೂ ಅಗಲಿಸಿ ಹುಡುಗನ ತಲೆಯ ಕೆಳಗೆ ಹಿಡಿದಳು. ಮೊದಲ ಎಳೆ ಬಿತ್ತು. ಆ ಬಳಿಕ ಇನ್ನೊಂದು. ಒದ್ದೆ ಕೂದಲು ಒಣ ಹುಲ್ಲಿನ ಬಣ್ಣಕ್ಕೆ ಸೆರಗಿನಲ್ಲಿ ರಾಶಿಯಾಗತೊಡಗಿತು. ಹನ್ನಾ ರಮ್ಯಳ ಬೆನ್ನ ಹಿಂದೆ ಬಂದು ಕೂತಳು, ಅವಳ ಭುಜದ ಮೇಲೆ ಗಲ್ಲ ಊರಿ ನೋಡಿದಳು. ಮುನಿವೆಂಕಟಮ್ಮ ಗುಡಿಯ ಬಾಗಿಲಿಗೆ ಕೈಮುಗಿದುಕೊಂಡು ನಿಂತಿದ್ದರು.

"ಆಂಟಿ" ಎಂದ ಓಲೆಕ್, ತಲೆ ಬಗ್ಗಿಸಿಕೊಂಡೇ.

"ಆಂಟಿ ಅಲ್ಲ ಕಣೋ. ಇವನು ಮಾವ, ಅವಳು ಅತ್ತೆ" ಎಂದರು ಮುನಿವೆಂಕಟಮ್ಮ.

"ಅತ್ತೆ, ಕೆಳಗೆ ಬಿಡ್ಬೇಡ."

"ಬಿಡಲ್ಲ ಕಣೋ" ಎಂದಳು ರಮ್ಯ. ಕಣ್ಣೊರೆಸಿಕೊಳ್ಳಲು ಅವಳಿಗೆ ಕೈ ಬಿಡುವಿರಲಿಲ್ಲ. "ನೀನು ತಲೆ ಅಲ್ಲಾಡಿಸ್ಬೇಡ."